ಹೇಳಿದವರು ಯಾರು?

(ಸಂಘದ ವಾರ್ಷಿಕೋತ್ಸವ ಮತ್ತು ಬಹುಮಾನ ವಿತರಣಾ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)

 

ಈ ವರ್ಷದ ಕನ್ನಡ ಪ್ರಬಂಧ ಸ್ಪರ್ಧೆಯ ತೀರ್ಪುಗಾರನಾಗಿ ನನ್ನನ್ನು ನೇಮಿಸಿದ್ದರು. ಆ ಕೆಲಸ ಮುಗಿಸಿ ಹಾಳೆಗಳನ್ನು ವಾಪಸು ಕೊಟ್ಟು ಹೋಗೋಣ ಎಂದು ಬಂದವನನ್ನು ಕಾರ್ಯದರ್ಶಿಗಳು ಮೈಕಿನ ಮುಂದೆ ನಿಲ್ಲಿಸಿದ್ದಾರೆ. ನಿವೃತ್ತ ಮೇಷ್ಟ್ರನ್ನು ಮೈಕಿನ ಮುಂದೆ ನಿಲ್ಲಿಸುವುದು ಸುಲಭ, ಇಳಿಸುವುದು ಕಷ್ಟ. ಆದ್ದರಿಂದ ಒಂದೇ ವಿಷಯಕ್ಕೆ ಕಟ್ಟುಬಿದ್ದು ಮಾತಾಡುತ್ತೇನೆ. ನಾವು ಬರೆದದ್ದನ್ನು, ಆಡಿದ್ದನ್ನು ಜನ ಯಾಕೆ ನಂಬುತ್ತಾರೆ? ಯಾಕೆ ನಂಬುವುದಿಲ್ಲ?

ಈ ಪ್ರಶ್ನೆ ನನಗೆ ಹುಟ್ಟಿದ್ದು ನಿಮ್ಮ ಪ್ರಬಂಧಗಳನ್ನು ಓದುವಾಗ. ವಿಷಯ ‘ನಮ್ಮ ಸುತ್ತಲಿನ ದುಡಿಮೆ’ ಎಂದು ಕೊಟ್ಟಿದ್ದರು. ಹೆಚ್ಚಿನವರು ಚೆನ್ನಾಗಿ ಬರೆದಿದ್ದೀರಿ, ಕಾಗುಣಿತವೂ ಹೋದ ಸಲಕ್ಕಿಂತ ಸುಧಾರಿಸಿದೆ. ಆದರೆ ಹಾಳೆ ಹಾಳೆಗೂ ಇಂಥ ವಾಕ್ಯಗಳು: ‘ಸಂಶೋಧನೆಗಳಿಂದ ತಿಳಿದುಬಂದಿದೆ’, ‘ವಿಜ್ಞಾನಿಗಳು ಒಪ್ಪಿಕೊಂಡಿದ್ದಾರೆ’, ‘ಇಡೀ ಜಗತ್ತಿಗೇ ಗೊತ್ತಿರುವಂತೆ’. ಯಾವ ಸಂಶೋಧನೆ? ಯಾವ ವಿಜ್ಞಾನಿ? ನಾನು ಪೆನ್ಸಿಲ್‌ನಲ್ಲಿ ಅಂಚಿನಲ್ಲಿ ‘ಹೇಳಿದವರು ಯಾರು?’ ಎಂದು ಬರೆಯುತ್ತಾ ಹೋದೆ. ಕೊನೆಗೆ ಪೆನ್ಸಿಲೇ ಸವೆದುಹೋಯಿತು.

ನಡುವೆ ಒಂದು ಹಾಳೆ ಬಂತು. ಹತ್ತನೇ ತರಗತಿಯ ಹುಡುಗಿ. ಅಕ್ಷರ ಅಷ್ಟೇನೂ ದುಂಡಗಿಲ್ಲ. ತನ್ನ ತಾಯಿ ಮನೆಯಲ್ಲಿ ಊದಿನಕಡ್ಡಿ ಹೊಸೆಯುವುದನ್ನು ಬರೆದಿದ್ದಾಳೆ. ಸಾವಿರ ಕಡ್ಡಿಗೆ ಎಷ್ಟು ಕೊಡುತ್ತಾರೆ, ಕಪ್ಪು ಹಿಟ್ಟು ಕೈಯಿಂದ ಹೋಗಬೇಕಾದರೆ ಏನು ಹಾಕಿ ತೊಳೆಯಬೇಕು, ಮಳೆಗಾಲದಲ್ಲಿ ಕಡ್ಡಿ ಒಣಗದಿದ್ದರೆ ಎಷ್ಟು ಕಟ್ಟು ವಾಪಸು ಬರುತ್ತದೆ, ಹಾಗೆ ವಾಪಸು ಬಂದದ್ದರ ನಷ್ಟ ಯಾರ ಲೆಕ್ಕಕ್ಕೆ, ಎಲ್ಲ ಇದೆ. ಕೊನೆಯಲ್ಲಿ ಒಂದು ಮಾತು. ತಾನು ತಮ್ಮ ಓಣಿಯ ಎಂಟು ಮನೆಗಳಲ್ಲಿ ಮಾತ್ರ ಕೇಳಿದ್ದೇನೆ, ಬೇರೆ ಕಡೆ ಕೂಲಿ ಹೆಚ್ಚಿರಬಹುದು, ಕಡಿಮೆಯೂ ಇರಬಹುದು, ತನಗೆ ಗೊತ್ತಿಲ್ಲ ಎಂದು.

ಅಲ್ಲಿಯವರೆಗೆ ಅವಳಿಗೆ ಎರಡನೇ ಬಹುಮಾನ ಎಂದುಕೊಂಡಿದ್ದೆ. ಆ ವಾಕ್ಯ ಓದಿದ ಮೇಲೆ ಮೊದಲನೆಯದು ಎಂದು ಬರೆದೆ. ಯಾಕೆಂದರೆ ‘ಗೊತ್ತಿಲ್ಲ’ ಎಂದು ಒಂದು ಕಡೆ ಹೇಳಿದವಳು, ಉಳಿದ ಕಡೆ ಗೊತ್ತಿದ್ದೇ ಬರೆದಿದ್ದಾಳೆ ಎಂಬ ಧೈರ್ಯ ನನಗೆ ಬಂತು. ಆ ಎಂಟು ಮನೆಗಳು ಅವಳ ಸಾಕ್ಷಿಗಳು. ಇಡೀ ಜಗತ್ತನ್ನು ಸಾಕ್ಷಿಗೆ ಕರೆದವರ ಪರವಾಗಿ ಒಬ್ಬರೂ ಬಂದು ನಿಲ್ಲಲಿಲ್ಲ.

ನಿಮ್ಮನ್ನು ತಿದ್ದುವ ಮೊದಲು ನನ್ನ ತಪ್ಪನ್ನೂ ಹೇಳಿಬಿಡಬೇಕು. ಬಹಳ ವರ್ಷಗಳ ಹಿಂದಿನ ಮಾತು. ನಮ್ಮ ಈ ಭಾಗದಲ್ಲೇ ಒಂದು ಶಾಲೆಯ ಸಮಾರಂಭ. ವಿದ್ಯೆಯ ಮಹತ್ವದ ಬಗ್ಗೆ ಭಾಷಣ. ನಾನು ಉತ್ಸಾಹದಿಂದ, ವಿದ್ಯೆ ಕಲಿಯಲು ಚೀನಾ ದೇಶದವರೆಗಾದರೂ ಹೋಗಬೇಕೆಂದು ಪ್ರವಾದಿವರ್ಯರು(ಸ) ಹೇಳಿದ್ದಾರೆ ಎಂದೆ. ಚಪ್ಪಾಳೆ ಬಿತ್ತು. ಈ ಮಾತಿಗೆ ಯಾವಾಗಲೂ ಚಪ್ಪಾಳೆ ಬೀಳುತ್ತದೆ. ನಮ್ಮ ಶಿಕ್ಷಣ ಸಂಸ್ಥೆಗಳ ವೇದಿಕೆಗಳಲ್ಲಿ ಇದನ್ನು ಕೇಳದವರು ಯಾರಿದ್ದೀರಿ? ಸಮಾರಂಭ ಮುಗಿದ ಮೇಲೆ ಚಹಾ ಕುಡಿಯುವಾಗ ಒಬ್ಬ ವೃದ್ಧರು ಹತ್ತಿರ ಬಂದರು. ಬಿಳಿ ಟೋಪಿ, ಮಾಸಿದ ಶೇರ್ವಾನಿ. ಬಹಳ ಮೆಲ್ಲಗೆ ಕೇಳಿದರು: “ಮಾಸ್ಟರ್ ಸಾಬ್, ಆ ಹದೀಸಿನ ಸನದು ಯಾವುದು?”

ನನ್ನ ಬಳಿ ಉತ್ತರವಿರಲಿಲ್ಲ. ಕೇಳಿದ್ದೆ, ಹೇಳಿದ್ದೆ, ಅಷ್ಟೆ. ಆಮೇಲೆ ಬಲ್ಲವರ ಹತ್ತಿರ ಹೋಗಿ ವಿಚಾರಿಸಿದಾಗ ತಿಳಿಯಿತು. ಹದೀಸ್ ವಿದ್ವಾಂಸರಲ್ಲಿ ಇಬ್ನ್ ಹಿಬ್ಬಾನ್ ಇದನ್ನು ಆಧಾರವಿಲ್ಲದ್ದು ಎಂದರು, ಇಬ್ನುಲ್ ಜೌಝಿ ಇದನ್ನು ಕಟ್ಟುಕಥೆಗಳ ಸಾಲಿಗೆ ಸೇರಿಸಿದರು, ಬೈಹಕಿ ಮಾತು ಪ್ರಸಿದ್ಧವಾದರೂ ಅದು ಬಂದ ದಾರಿಗಳೆಲ್ಲ ದುರ್ಬಲ ಎಂದರು. ವಿದ್ಯೆ ಕಲಿಯುವುದು ಪ್ರತಿಯೊಬ್ಬ ಮುಸಲ್ಮಾನನ ಕರ್ತವ್ಯ ಎಂಬ ಅರ್ಥದ, ಬಹು ಮಂದಿ ವಿದ್ವಾಂಸರು ಒಪ್ಪಿದ ಹದೀಸ್ ಇಬ್ನ್ ಮಾಜಾ ಸಂಗ್ರಹದಲ್ಲಿ ಇತ್ತು. ಅದನ್ನು ಹೇಳಬಹುದಿತ್ತು. ಆದರೆ ಅದರಲ್ಲಿ ಚೀನಾ ಇಲ್ಲವಲ್ಲ, ಚಪ್ಪಾಳೆಯೂ ಕಡಿಮೆ.

ಇದರಲ್ಲಿ ತಪ್ಪೇನು, ಉದ್ದೇಶ ಒಳ್ಳೆಯದೇ ತಾನೇ ಎಂದು ನನ್ನ ಗೆಳೆಯರೇ ಕೇಳಿದ್ದುಂಟು. ನನ್ನ ಉತ್ತರ ಇಷ್ಟೆ. ಅಂದು ಆ ವೃದ್ಧರು ನನ್ನ ಉಳಿದ ಭಾಷಣವನ್ನು ಎಷ್ಟು ನಂಬಿರಬೇಕು? ಶಾಲೆ ಬಿಡುವ ನಮ್ಮ ಮಕ್ಕಳ ಬಗ್ಗೆ ನಾನು ಅಂದು ಹೇಳಿದ ಮಾತುಗಳು ನಿಜವಾದವು, ನಾನೇ ಮನೆ ಮನೆ ತಿರುಗಿ ಕಂಡವು. ಆ ನಿಜಗಳೂ ಚೀನಾದ ಜೊತೆಗೇ ಹೋದವು. ಒಂದು ಖೋಟಾ ನೋಟು ಸಿಕ್ಕರೆ ಅಂಗಡಿಯವನು ಇಡೀ ಕಂತೆಯನ್ನು ಬೆಳಕಿಗೆ ಹಿಡಿದು ನೋಡುತ್ತಾನೆ.

ನಾಚಿಕೆಯ ಸಂಗತಿ ಎಂದರೆ, ಹೇಳಿದವರು ಯಾರು ಎಂಬ ಪ್ರಶ್ನೆಯನ್ನು ಒಂದು ಶಾಸ್ತ್ರವಾಗಿಯೇ ಬೆಳೆಸಿದ ಪರಂಪರೆ ನಮ್ಮದು. ಹದೀಸಿನಲ್ಲಿ ಎರಡು ಭಾಗ. ಒಂದು, ಹೇಳಿದ ಮಾತು. ಇನ್ನೊಂದು ಅದಕ್ಕಿಂತ ಮೊದಲು ಬರುವ ಸರಪಳಿ, ಇಸ್ನಾದ್. ಇವರು ಇವರಿಂದ ಕೇಳಿದರು, ಅವರು ಅವರಿಂದ ಕೇಳಿದರು ಎಂದು. ಆ ಸರಪಳಿಯ ಒಂದೊಂದು ಕೊಂಡಿಯನ್ನೂ ಪರೀಕ್ಷೆ ಮಾಡಲು ‘ಅಸ್ಮಾಉರ್ರಿಜಾಲ್’ ಎಂಬ ಶಾಖೆಯೇ ಹುಟ್ಟಿತು. ಈ ಮನುಷ್ಯ ಯಾವಾಗ ಹುಟ್ಟಿದ, ಯಾವ ಊರಲ್ಲಿದ್ದ, ತಾನು ಕೇಳಿದೆ ಎನ್ನುವ ಗುರುವನ್ನು ನಿಜವಾಗಿ ಭೇಟಿಯಾಗಲು ಸಾಧ್ಯವಿತ್ತೇ, ಇಳಿವಯಸ್ಸಿನಲ್ಲಿ ನೆನಪು ಕೆಟ್ಟಿತ್ತೇ, ಎಲ್ಲದರ ವಿಚಾರಣೆ. ಇಮಾಮ್ ಬುಖಾರಿ (810–870) ಲಕ್ಷಗಟ್ಟಲೆ ವರದಿಗಳನ್ನು ಜಾಲಾಡಿ, ಪುನರಾವರ್ತನೆಗಳೂ ಸೇರಿ ಸುಮಾರು ಏಳು ಸಾವಿರವನ್ನು ತಮ್ಮ ಸಂಗ್ರಹಕ್ಕೆ ತೆಗೆದುಕೊಂಡರು.

ವಿದ್ಯಾರ್ಥಿಗಳು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ವರದಿಗಾರನಲ್ಲಿ ಅವರು ನೋಡುತ್ತಿದ್ದ ಗುಣಗಳು ಎರಡು. ಅದಾಲತ್, ಅಂದರೆ ನಡತೆಯ ಪ್ರಾಮಾಣಿಕತೆ. ಜಬ್ತ್, ಅಂದರೆ ಕೇಳಿದ್ದನ್ನು ಕೆಡದಂತೆ ಹಿಡಿದಿಡುವ ನಿಖರತೆ. ಐದು ಹೊತ್ತು ನಮಾಜು ಬಿಡದ, ಸುಳ್ಳು ಹೇಳದ, ದಾನಶೀಲನಾದ ಮನುಷ್ಯ ಇರಬಹುದು. ಅವನ ನೆನಪು ಸಡಿಲವಾಗಿದ್ದರೆ ಅವನ ವರದಿಯನ್ನು ಬದಿಗಿಡುತ್ತಿದ್ದರು. ಅವನನ್ನು ಗೌರವಿಸುತ್ತಿದ್ದರು, ಅವನಿಂದ ದುಆ ಬೇಡುತ್ತಿದ್ದರು, ಹದೀಸ್ ಮಾತ್ರ ತೆಗೆದುಕೊಳ್ಳುತ್ತಿರಲಿಲ್ಲ! ಈಗ ನಮ್ಮ ಮೊಬೈಲಿಗೆ ಬರುವ ವಾಟ್ಸಾಪ್ ಸಂದೇಶಗಳನ್ನು ನೆನಪಿಸಿಕೊಳ್ಳಿ. ‘ನಮ್ಮ ಹಾಜಿ ಸಾಹೇಬರು ಕಳಿಸಿದ್ದು, ಸುಳ್ಳಿರಲಾರದು’ ಎಂದು ಮುಂದಕ್ಕೆ ತಳ್ಳುತ್ತೇವೆ. ಹಾಜಿ ಸಾಹೇಬರ ಅದಾಲತ್ ಬಗ್ಗೆ ನನ್ನ ತಕರಾರಿಲ್ಲ. ಅವರ ಜಬ್ತ್ ಏನು ಎಂಬುದಷ್ಟೇ ಪ್ರಶ್ನೆ.

ಗ್ರೀಕರ ಅರಿಸ್ಟಾಟಲ್ ಕೂಡ ಈ ಬಗ್ಗೆ ಬರೆದಿದ್ದಾನೆ. ಅವನ ಭಾಷಣಕಲೆಯ ಗ್ರಂಥ ಅರಬ್ಬಿಗೆ ಅನುವಾದವಾಗಿ, ಕೊರ್ದೋವಾದ ಇಬ್ನ್ ರುಶ್ದ್ ಅದಕ್ಕೆ ವ್ಯಾಖ್ಯಾನ ಬರೆದರು ಎಂಬುದು ನಮ್ಮ ಮಕ್ಕಳಿಗೆ ತಿಳಿದಿರಲಿ. ಕೇಳುವವರು ಮಾತುಗಾರನನ್ನು ನಂಬಬೇಕಾದರೆ ಮೂರು ಬೇಕು ಎನ್ನುತ್ತಾನೆ ಅರಿಸ್ಟಾಟಲ್: ವಿಷಯದ ತಿಳಿವು, ಒಳ್ಳೆಯ ನಡತೆ, ಮತ್ತು ಕೇಳುವವರ ಹಿತ ಬಯಸುವ ಮನಸ್ಸು. ಮೂರನೆಯದನ್ನು ನಾವು ಮರೆಯುತ್ತೇವೆ. ತಿಳಿದವರೂ ಹೌದು, ಒಳ್ಳೆಯವರೂ ಹೌದು, ಆದರೆ ಮಾತಿನಲ್ಲಿ ಕೇಳುಗರ ಮೇಲೆ ತಿರಸ್ಕಾರ ಇಣುಕುತ್ತಿದ್ದರೆ ಯಾರೂ ಕಿವಿಗೊಡುವುದಿಲ್ಲ. ಕೆಲವು ಖುತ್ಬಾಗಳನ್ನೂ ಕೆಲವು ಪ್ರಗತಿಪರ ಭಾಷಣಗಳನ್ನೂ ಕೇಳುವಾಗ ನನಗೆ ಇದು ಅನ್ನಿಸಿದೆ.

ಆದರೆ ಅರಿಸ್ಟಾಟಲನ ಒಂದು ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಈ ನಂಬಿಕೆ ಭಾಷಣದಿಂದಲೇ ಹುಟ್ಟಬೇಕು, ಮಾತುಗಾರನ ಬಗ್ಗೆ ಮೊದಲೇ ಇರುವ ಅಭಿಪ್ರಾಯದಿಂದಲ್ಲ ಎನ್ನುತ್ತಾನೆ ಅವನು. ಮಕ್ಕಾದ ಸಫಾ ಗುಡ್ಡದ ಪ್ರಸಂಗ ನಿಮಗೆಲ್ಲ ಗೊತ್ತು. ಪ್ರವಾದಿವರ್ಯರು(ಸ) ಗುಡ್ಡದ ಮೇಲೆ ನಿಂತು ಜನರನ್ನು ಕರೆದು, ಈ ಗುಡ್ಡದ ಹಿಂದೆ ಒಂದು ಸೇನೆ ಬರುತ್ತಿದೆ ಎಂದರೆ ನಂಬುತ್ತೀರಾ ಎಂದು ಕೇಳಿದರು. ನಂಬುತ್ತೇವೆ, ನೀವು ಸುಳ್ಳು ಹೇಳಿದ್ದನ್ನು ನಾವು ಕಂಡಿಲ್ಲ ಎಂದರು ಜನ. ಆ ಒಂದು ಉತ್ತರದ ಹಿಂದೆ ನಲವತ್ತು ವರ್ಷಗಳ ಬದುಕಿತ್ತು, ವ್ಯಾಪಾರದಲ್ಲಿ ಗಳಿಸಿದ ‘ಅಲ್ ಅಮೀನ್’ ಎಂಬ ಹೆಸರಿತ್ತು. ಹಾಗೆ ಹೇಳಿದ ಅದೇ ಜನ ಮುಂದಿನ ಮಾತನ್ನು ಒಪ್ಪಲಿಲ್ಲ ಎಂಬುದನ್ನೂ ನೆನಪಿಡಬೇಕು. ಅಬೂಲಹಬ್ ಬೈದು ಎದ್ದು ಹೋದ. ವಿಶ್ವಾಸಾರ್ಹತೆ ನಿಮಗೆ ಕಿವಿಯನ್ನು ಗಳಿಸಿಕೊಡುತ್ತದೆ, ಒಪ್ಪಿಗೆಯನ್ನಲ್ಲ. ಒಪ್ಪಿಗೆಗೆ ಬೇರೆಯೇ ಶ್ರಮ ಬೇಕು.

ನಮ್ಮ ನಗರದಲ್ಲಿ ಡಾ. ಮುಮ್ತಾಜ್ ಅಹ್ಮದ್ ಖಾನ್ 1966ರಲ್ಲಿ ಶಿಕ್ಷಣ ಸಂಸ್ಥೆ ಕಟ್ಟಿದಾಗ ಅದಕ್ಕೆ ಅಲ್ ಅಮೀನ್ ಎಂದೇ ಹೆಸರಿಟ್ಟರು. ಅವರು ವೃತ್ತಿಯಿಂದ ಶಸ್ತ್ರವೈದ್ಯರು. 2021ರಲ್ಲಿ ತೀರಿಕೊಂಡರು. ಆ ಹೆಸರಿನ ಭಾರ ಎಷ್ಟೆಂದು ಶಿಕ್ಷಣ ಸಂಘ ನಡೆಸುವ ನಮಗೆಲ್ಲ ಗೊತ್ತಿರಬೇಕು. ಚಂದಾ ಎತ್ತುವವನ ರಸೀದಿ ಪುಸ್ತಕವೂ ಒಂದು ಬರವಣಿಗೆಯೇ.

ಈಗ ನಮ್ಮದೇ ಕಷ್ಟಕ್ಕೆ ಬರುತ್ತೇನೆ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು. ನಮ್ಮ ಮಕ್ಕಳು ಕನ್ನಡದಲ್ಲಿ ಮಾತಾಡಲು ಎದ್ದು ನಿಂತಾಗ, ಬಾಯಿ ತೆರೆಯುವ ಮೊದಲೇ ಕೆಲವರ ಕಣ್ಣಲ್ಲಿ ಒಂದು ಪ್ರಶ್ನೆ ಇರುತ್ತದೆ. ನನಗೂ ಇತ್ತು. ದೂರದ ಊರೊಂದರ ಕಾಲೇಜಿಗೆ ಕನ್ನಡ ಉಪನ್ಯಾಸಕನಾಗಿ ಮೊದಲ ದಿನ ಹೋದಾಗ ಹಿಂದಿನ ಬೆಂಚಿನಿಂದ ಪಿಸುಮಾತು: “ಸಾಬ್ರು ಹಳಗನ್ನಡ ಮಾಡ್ತಾರಂತೆ ಕಣೋ.” ನನಗೆ ರೋಷ ಬಂತು. ಪುಸ್ತಕ ಮುಚ್ಚಿ ಪಂಪನನ್ನು ನಲವತ್ತು ನಿಮಿಷ ಬಾಯಿಪಾಠ ಒಪ್ಪಿಸಿದೆ. ತರಗತಿ ಬೆಪ್ಪಾಗಿ ನೋಡಿತು. ಆದರೆ ಒಲಿಯಲಿಲ್ಲ. ಇವನು ನಮಗೆ ಪಾಠ ಹೇಳುತ್ತಿಲ್ಲ, ತನ್ನನ್ನು ತೋರಿಸಿಕೊಳ್ಳುತ್ತಿದ್ದಾನೆ ಎಂದು ಹುಡುಗರಿಗೆ ತಿಳಿಯದೇ ಇರುತ್ತದೆಯೇ?

ವಾರ ಕಳೆದ ಮೇಲೆ ಒಬ್ಬ ಹುಡುಗ ಒಂದು ಶಬ್ದದ ಅರ್ಥ ಕೇಳಿದ. ಪರೀಕ್ಷೆ ಮಾಡಲೆಂದೇ ಕೇಳಿರಬೇಕು. ನನಗೆ ತಿಳಿದಿರಲಿಲ್ಲ. “ಗೊತ್ತಿಲ್ಲಪ್ಪಾ, ನಾಳೆ ನೋಡಿಕೊಂಡು ಬರುತ್ತೇನೆ” ಎಂದೆ. ಆ ರಾತ್ರಿ ಕಿಟ್ಟೆಲರ ನಿಘಂಟು ಹುಡುಕಿ, ಮರುದಿನ ಆ ದಪ್ಪ ಪುಸ್ತಕವನ್ನೇ ಹೊತ್ತುಕೊಂಡು ಹೋಗಿ ಪುಟ ತೆರೆದು ತೋರಿಸಿದೆ. ಜರ್ಮನಿಯಿಂದ ಬಂದ ಪಾದ್ರಿಯೊಬ್ಬರು ಮಾಡಿದ ನಿಘಂಟು, 1894ರದ್ದು. ಅದನ್ನು ಹಿಡಿದು ಒಬ್ಬ ಮುಸಲ್ಮಾನ ಮೇಷ್ಟ್ರು ಒಬ್ಬ ಜೈನ ಕವಿಯ ಶಬ್ದಕ್ಕೆ ಅರ್ಥ ಹೇಳುತ್ತಿದ್ದಾನೆ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಅಂದಿನಿಂದ ಹಿಂದಿನ ಬೆಂಚಿನವರು ಮುಂದೆ ಬಂದು ಕೂರತೊಡಗಿದರು.

ಆದ್ದರಿಂದ ಮಕ್ಕಳೇ, ‘ನಾನು ಮುಸ್ಲಿಮನಾದರೂ ಕನ್ನಡವನ್ನು ಪ್ರೀತಿಸುತ್ತೇನೆ’ ಎಂದು ಭಾಷಣ ಆರಂಭಿಸಬೇಡಿ. ಆ ‘ಆದರೂ’ ನಿಮ್ಮ ಮಾತನ್ನು ನೀವೇ ಕಟಕಟೆಯಲ್ಲಿ ನಿಲ್ಲಿಸಿದಂತೆ. ಪ್ರೊ. ಕೆ.ಎಸ್. ನಿಸಾರ್ ಅಹಮದ್ (1936–2020) ಅವರನ್ನು ನೋಡಿ. ದೇವನಹಳ್ಳಿಯಲ್ಲಿ ಹುಟ್ಟಿದವರು, ಕಲಿಸಿದ್ದು ಭೂವಿಜ್ಞಾನ. 1960ರಲ್ಲಿ ಮೊದಲ ಸಂಕಲನ ‘ಮನಸು ಗಾಂಧಿ ಬಜಾರು’ ಬಂತು. 1976ರ ‘ನಿತ್ಯೋತ್ಸವ’ದ ಶೀರ್ಷಿಕೆ ಗೀತೆ ಮೈಸೂರು ಅನಂತಸ್ವಾಮಿಯವರ ದನಿಯಲ್ಲಿ ಮನೆ ಮನೆಗೆ ಹೋಯಿತು. ಆ ಗೀತೆಯಲ್ಲಿ ಕವಿ ತನ್ನನ್ನು ಒಪ್ಪಿಕೊಳ್ಳಿರೆಂದು ಯಾರನ್ನೂ ಬೇಡುವುದಿಲ್ಲ, ನಾಡನ್ನು ಕಂಡಂತೆ ಹಾಡುತ್ತಾರೆ. ಹಾಗೆಂದು ನೋವು ಇರಲಿಲ್ಲವೆಂದಲ್ಲ. ಜೊತೆಗಿದ್ದೂ ಬೇರೆಯಾಗಿ ಉಳಿಯುವ ಇಕ್ಕಟ್ಟನ್ನು ಅವರು ಬೇರೆ ಕವಿತೆಗಳಲ್ಲಿ ಬಹಳ ತೀಕ್ಷ್ಣವಾಗಿ ಬರೆದರು. ಎರಡನ್ನೂ ಬರೆದದ್ದರಿಂದಲೇ ಎರಡೂ ನಿಜವೆನಿಸಿದವು. ಬರೀ ಹೊಗಳಿದ್ದರೆ ಓಲೈಕೆ ಎನ್ನುತ್ತಿದ್ದರು, ಬರೀ ದೂರಿದ್ದರೆ ಕೊರಗು ಎನ್ನುತ್ತಿದ್ದರು. 2006ರಲ್ಲಿ ಶಿವಮೊಗ್ಗದ 73ನೇ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು.

ಪದವಿಯಿಂದ ನಂಬಿಕೆ ಬರುತ್ತದೆ ಎಂದು ತಿಳಿದವರಿಗೆ ಇನ್ನೊಬ್ಬರನ್ನು ತೋರಿಸುತ್ತೇನೆ. ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರದ ಇಬ್ರಾಹಿಂ ಸುತಾರ್ ಅವರು. ಶಾಲೆ ಕಲಿತದ್ದು ಮೂರನೇ ಇಯತ್ತೆ. ನೇಯ್ಗೆ ಮಾಡಿದವರು. 1970ರಿಂದ ಭಜನೆಯ ಮೇಳ ಕಟ್ಟಿಕೊಂಡು ಊರೂರು ತಿರುಗಿ, ವಚನ, ತತ್ವಪದ, ಉಪನಿಷತ್ತು, ಸೂಫಿಗಳ ಮಾತು ಎಲ್ಲವನ್ನೂ ಹೇಳಿದರು. ಜಾತ್ರೆಗಳಲ್ಲಿ, ಮಠಗಳ ಅಂಗಳದಲ್ಲಿ ಜನ ರಾತ್ರಿಯಿಡೀ ಕೂತು ಕೇಳುತ್ತಿದ್ದರು. 2018ರಲ್ಲಿ ಪದ್ಮಶ್ರೀ ಬಂತು, 2022ರ ಫೆಬ್ರವರಿಯಲ್ಲಿ ತೀರಿಕೊಂಡರು.

ಅವರ ಕಾರ್ಯಕ್ರಮದ ರೀತಿಯನ್ನು ನೀವು ಗಮನಿಸಬೇಕು. ವೇದಿಕೆಯ ಮೇಲೆ ಅವರೊಬ್ಬರೇ ಮಾತಾಡುತ್ತಿರಲಿಲ್ಲ. ಮೇಳದವರು ಪ್ರಶ್ನೆ ಹಾಕುತ್ತಿದ್ದರು, ಇವರು ಉತ್ತರಿಸುತ್ತಿದ್ದರು, ನಡುವೆ ಹಾಡು. ಕೇಳುಗನ ಮನಸ್ಸಿನಲ್ಲಿ ಏಳುವ ಅನುಮಾನವನ್ನು ಮೊದಲೇ ಬಾಯಿಬಿಟ್ಟು ಕೇಳಿಸಿ ಆಮೇಲೆ ಸಮಾಧಾನ ಹೇಳುವ ಕ್ರಮ. ಇದು ಶಿಶುನಾಳ ಶರೀಫರ ನಾಡಿನ ಹಳೆಯ ರೂಢಿ. ನಿಮ್ಮ ಚರ್ಚಾಸ್ಪರ್ಧೆಯಲ್ಲಿ ಎದುರಾಳಿಯ ವಾದವನ್ನು ಮುಚ್ಚಿಹಾಕಲು ಹೊರಡುತ್ತೀರಿ. ಅದನ್ನು ಅವನಿಗಿಂತ ಚೆನ್ನಾಗಿ ನೀವೇ ಹೇಳಿ ಆಮೇಲೆ ಉತ್ತರ ಕೊಟ್ಟು ನೋಡಿ.

ಹಾಗೆ ನೋಡಿದರೆ ಪಕ್ಕದ ರಾಜಾಜಿನಗರದ ದೊಡ್ಡ ರಸ್ತೆಗೆ ಹೆಸರು ಕೊಟ್ಟ ಡಾ. ರಾಜ್‌ಕುಮಾರ್ ಅವರೂ ಹೆಚ್ಚು ಓದಿದವರಲ್ಲ. 1982ರ ಗೋಕಾಕ್ ಚಳವಳಿಯಲ್ಲಿ ಅವರು ನಾಡೆಲ್ಲ ತಿರುಗಿ ಮಾತಾಡಿದಾಗ ಜನ ಸಾಗರದಂತೆ ಸೇರಿದರು. ಪಂಡಿತರು ವರ್ಷಗಳಿಂದ ಹೇಳುತ್ತಿದ್ದುದನ್ನೇ ಅವರು ಹೇಳಿದ್ದು. ಅಷ್ಟು ಜನಪ್ರಿಯತೆ ಇದ್ದೂ ಚುನಾವಣೆಗೆ ನಿಲ್ಲಲಿಲ್ಲ, ಆ ಮಾತಿನಿಂದ ತಮಗೇನೂ ಕೇಳಿಕೊಳ್ಳಲಿಲ್ಲ. ಹೇಳುವವನಿಗೆ ಇದರಿಂದ ಏನು ಲಾಭ ಎಂಬ ಲೆಕ್ಕವನ್ನು ಜನ ಸದಾ ಹಾಕುತ್ತಿರುತ್ತಾರೆ. ಪಿ. ಲಂಕೇಶರು 1980ರಲ್ಲಿ ಪತ್ರಿಕೆ ಶುರುಮಾಡಿ ಜಾಹೀರಾತು ಬೇಡವೆಂದದ್ದೂ ಇದೇ ಲೆಕ್ಕಕ್ಕೆ ಉತ್ತರ. ಓದುವವನ ಕಾಸು ಬಿಟ್ಟು ಬೇರೆಯವರ ಹಂಗಿಲ್ಲ ಎಂದಾಗ ಬರೆದದ್ದಕ್ಕೆ ತೂಕ ಬಂತು.

ಆ ಪತ್ರಿಕೆಯ ಮೂಲಕವೇ ನಮ್ಮ ಇಬ್ಬರು ಲೇಖಕಿಯರು ಕನ್ನಡಕ್ಕೆ ಗುರುತಾದರು. ಸ್ವಲ್ಪ ಹೊತ್ತು ಇಲ್ಲಿ ನಿಲ್ಲಬೇಕು, ಏಕೆಂದರೆ ಇದು ನಮಗೆಲ್ಲ ಇರಿಸುಮುರಿಸಾಗುವ ವಿಷಯ.

ಸಾರಾ ಅಬೂಬಕ್ಕರ್ (1936–2023) ಕಾಸರಗೋಡಿನವರು. ಆ ಕಾಲದಲ್ಲಿ ಆ ಭಾಗದ ಮುಸ್ಲಿಂ ಹುಡುಗಿ ಹೈಸ್ಕೂಲು ಮುಗಿಸಿದ್ದೇ ದೊಡ್ಡದು. ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು 1984ರಲ್ಲಿ ಪುಸ್ತಕವಾಯಿತು. ಗಂಡನೊಡನೆ ಚೆನ್ನಾಗಿಯೇ ಬಾಳುತ್ತಿದ್ದ ನಾದಿರಾ, ತಂದೆಯ ಹಟದಿಂದ ತಲಾಕಿಗೆ ಸಿಕ್ಕಿ, ಮತ್ತೆ ಅದೇ ಗಂಡನನ್ನು ಸೇರಲು ಇನ್ನೊಬ್ಬನನ್ನು ಮದುವೆಯಾಗಬೇಕಾದ ಕಥೆ. ನಮ್ಮವರಲ್ಲಿ ಅನೇಕರು ಸಿಟ್ಟಾದರು. ಹೊರಗಿನವರ ಮುಂದೆ ಮನೆಯ ಮಾನ ತೆಗೆದರು ಎಂದರು. ಆಗ ನಾನೂ ಹೀಗೆ ಹೇಳಿದವರ ಜೊತೆ ತಲೆಯಾಡಿಸಿದ್ದೇನೆ, ಪುಸ್ತಕ ಓದದೆ! ಓದಿದ ಮೇಲೆ ಗೊತ್ತಾದದ್ದು ಬೇರೆ. ಆ ಮನೆಯ ಅಡುಗೆ, ಆ ಹೊಳೆ, ತಾಯಿ ಮಗಳ ಪಿಸುಮಾತು, ಬಾಯಿಲ್ಲದ ತಾಯಿಯ ಭಯ, ಯಾವುದೂ ಹೊರಗಿನಿಂದ ಇಣುಕಿ ಬರೆದದ್ದಲ್ಲ. ಧರ್ಮ ಬೇಡವೆಂದು ಅವರು ಹೇಳಲಿಲ್ಲ. ಧರ್ಮ ಹೆಣ್ಣಿಗೆ ಕೊಟ್ಟದ್ದನ್ನು ಗಂಡಸರು ಕಿತ್ತುಕೊಂಡಿದ್ದಾರೆ ಎಂದು ವಾದಿಸಿದರು. ಕೇಳುವವರ ಹಿತ ಬಯಸುವ ಮನಸ್ಸು ಎಂದೆನಲ್ಲ, ಅದು ಸಿಹಿ ಮಾತಿನಲ್ಲೇ ಬರಬೇಕೆಂದಿಲ್ಲ. ಒಂದೇ ಉಸಿರಿನ ತ್ರಿವಳಿ ತಲಾಕನ್ನು ಸುಪ್ರೀಂ ಕೋರ್ಟು ರದ್ದುಮಾಡಿದ್ದು 2017ರ ಆಗಸ್ಟಿನಲ್ಲಿ. ಕಾದಂಬರಿ ಬಂದು ಅಷ್ಟು ಹೊತ್ತಿಗೆ 33 ವರ್ಷ ಕಳೆದಿತ್ತು. ಅವರ ಮಾತನ್ನು ಮೊದಲೇ ನಾವೇ ಕಿವಿಗೆ ಹಾಕಿಕೊಂಡಿದ್ದರೆ, ಬೇರೆಯವರು ಬಂದು ನಮಗೆ ಹೇಳುವ ಸಂದರ್ಭ ಬರುತ್ತಿತ್ತೇ ಎಂದು ನಾನು ಹಲವು ಸಲ ಯೋಚಿಸಿದ್ದೇನೆ.

ಹಾಸನದ ಬಾನು ಮುಷ್ತಾಕ್ ವಕೀಲರು, ಅದಕ್ಕೆ ಮೊದಲು ಲಂಕೇಶ್ ಪತ್ರಿಕೆಯ ವರದಿಗಾರ್ತಿ. ಮಹಿಳೆಯರಿಗೆ ಮಸೀದಿ ಪ್ರವೇಶದ ಹಕ್ಕಿನ ಪರವಾಗಿ ಮಾತಾಡಿ 2000ದಲ್ಲಿ ಬಹಿಷ್ಕಾರ ಅನುಭವಿಸಿದವರು. 2025ರ ಮೇ ತಿಂಗಳಲ್ಲಿ ಅವರ ಕಥೆಗಳ ಇಂಗ್ಲಿಷ್ ಸಂಕಲನ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಅನುವಾದಕಿ ದೀಪಾ ಭಾಸ್ತಿ ಅವರಿಗೂ ಅದರಲ್ಲಿ ಸಮಪಾಲು. ಕನ್ನಡದ ಪುಸ್ತಕವೊಂದಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು.

ಇಲ್ಲಿ ಒಂದು ಕಹಿಯನ್ನೂ ಹೇಳಬೇಕು. ನಂಬಿಕೆ ಗಳಿಸುವುದು ಪೂರ್ತಿ ನಮ್ಮ ಕೈಯಲ್ಲಿಲ್ಲ. 2017ರ ಮೈಸೂರು ದಸರಾವನ್ನು ನಿಸಾರ್ ಅಹಮದ್ ಉದ್ಘಾಟಿಸಿದರು, ನಾಡು ಸಂತೋಷಪಟ್ಟಿತು. 2025ರಲ್ಲಿ ಬಾನು ಮುಷ್ತಾಕ್ ಅವರನ್ನು ಅದೇ ಕೆಲಸಕ್ಕೆ ಕರೆದಾಗ ಬೇಡವೆಂದು ಕೆಲವರು ಹೈಕೋರ್ಟಿಗೆ ಹೋದರು, ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋದರು. ಎರಡೂ ಕಡೆ ಅರ್ಜಿ ವಜಾ ಆಯಿತು, ಸೆಪ್ಟೆಂಬರ್ 22ರಂದು ಅವರು ಉದ್ಘಾಟನೆ ಮಾಡಿದರು. ಒಂದು ಕಡೆ ತನ್ನವರಿಂದ ಬಹಿಷ್ಕಾರ, ಇನ್ನೊಂದು ಕಡೆ ಬೇರೆಯವಳೆಂಬ ತಕರಾರು. ಕೇಳಲೇಬಾರದೆಂದು ತೀರ್ಮಾನಿಸಿ ಕೂತವರಿಗೆ ಯಾವ ಸನದೂ ಸಾಲುವುದಿಲ್ಲ. ಅಂಥವರನ್ನು ಗೆಲ್ಲಲೆಂದೇ ಬರೆಯತೊಡಗಿದರೆ ಬರವಣಿಗೆ ಕೆಡುತ್ತದೆ. ನಡುವೆ ಕೂತಿರುವ, ಇನ್ನೂ ತೀರ್ಮಾನ ಮಾಡದ ಬಹಳ ಜನರಿದ್ದಾರೆ. ಅವರಿಗಾಗಿ ಬರೆಯಬೇಕು.

ಇದೆಲ್ಲ ಪ್ರಬಂಧ, ಕಥೆಗಳ ಮಾತು, ನಮಗೇಕೆ ಎಂದು ಪೋಷಕರು ಯೋಚಿಸುತ್ತಿರಬಹುದು. 2012ರ ಆಗಸ್ಟ್ 15ನ್ನು ನೆನಪಿಸಿಕೊಳ್ಳಿ. ಈಶಾನ್ಯ ರಾಜ್ಯಗಳವರ ಮೇಲೆ ದಾಳಿ ಆಗುತ್ತದೆ ಎಂಬ ವದಂತಿ ಎಸ್ಸೆಮ್ಮೆಸ್ಸುಗಳಲ್ಲಿ ಹರಡಿ ಸಾವಿರಾರು ಯುವಕ ಯುವತಿಯರು ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಸೇರಿದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಸಚಿವರೇ ನಿಲ್ದಾಣಕ್ಕೆ ಬಂದು ಭಯ ಬೇಡ ಎಂದರು. ನಗರದ ಮುಸ್ಲಿಂ ಹಿರಿಯರೂ ಹೋಗಬೇಡಿರೆಂದು ಕೇಳಿಕೊಂಡರು. ಆದರೂ ರೈಲುಗಳು ತುಂಬಿ ಹೋದವು. ಕೇಂದ್ರ ಸರ್ಕಾರ ಒಟ್ಟಿಗೆ ಐದಕ್ಕಿಂತ ಹೆಚ್ಚು ಜನರಿಗೆ ಎಸ್ಸೆಮ್ಮೆಸ್ ಕಳಿಸದಂತೆ ಹದಿನೈದು ದಿನ ನಿರ್ಬಂಧ ಹಾಕಿತು. ಯಾರು ಬರೆದರೋ ಗೊತ್ತಿಲ್ಲದ ಎರಡು ಸಾಲನ್ನು ನಂಬಿದ ಜನ, ಎದುರು ನಿಂತು ಹೇಳಿದವರನ್ನು ನಂಬಲಿಲ್ಲ. ನಾನು ಆ ಮಕ್ಕಳನ್ನು ದೂರುವುದಿಲ್ಲ. ಆ ಸಂದೇಶ ಅವರಿಗೆ ಬಂದದ್ದು ಊರಿನ ಗೆಳೆಯನಿಂದ, ಅಣ್ಣನಿಂದ. ನಾವು ಎಷ್ಟು ಮಂದಿ ಅದಕ್ಕೆ ಮೊದಲು ಅವರಲ್ಲಿ ಒಬ್ಬರನ್ನಾದರೂ ಹೆಸರು ಹಿಡಿದು ಮಾತಾಡಿಸಿದ್ದೆವು? ಗಾಬರಿಯ ದಿನ ಹೋಗಿ ನಂಬಿ ಎಂದರೆ ನಂಬಿಕೆ ಎಲ್ಲಿಂದ ಬರಬೇಕು?

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಪೋಲಿಯೊ ಲಸಿಕೆಯದು. ಉತ್ತರ ಪ್ರದೇಶದ ಪಶ್ಚಿಮ ಜಿಲ್ಲೆಗಳಲ್ಲಿ ಆ ಹನಿ ಹಾಕಿಸಿದರೆ ಮಕ್ಕಳಿಗೆ ಮುಂದೆ ಸಂತಾನವಾಗದು ಎಂಬ ವದಂತಿ ಹಬ್ಬಿ, ಅನೇಕ ಮುಸ್ಲಿಂ ಮನೆಗಳು ಬಾಗಿಲು ಹಾಕಿಕೊಂಡವು. ಸರ್ಕಾರದ ಪೋಸ್ಟರುಗಳು ಕೆಲಸ ಮಾಡಲಿಲ್ಲ. ಆಮೇಲೆ ಅದೇ ಮೊಹಲ್ಲಾದ ಹೆಂಗಸರನ್ನು ಸೇರಿಸಿಕೊಂಡು ಮನೆ ಮನೆಗೆ ಕಳಿಸಿದರು. ಇಮಾಮರು ಮಸೀದಿಯ ಮೈಕಿನಲ್ಲಿ ಹೇಳಿದರು. ಅಲಿಗಢ, ಜಾಮಿಯಾ ವಿಶ್ವವಿದ್ಯಾಲಯಗಳವರು ಜೊತೆಗೂಡಿದರು. ಕದ ತೆರೆಯಿತು. 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡದ್ದೇ ದೇಶದ ಕೊನೆಯ ಪ್ರಕರಣ, 2014ರ ಮಾರ್ಚಿನಲ್ಲಿ ಭಾರತ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ಲಸಿಕೆ ಬದಲಾಗಿದ್ದರಿಂದ ಬಾಗಿಲು ತೆರೆದದ್ದಲ್ಲ, ಬಾಗಿಲು ತಟ್ಟಿದವರು ಬದಲಾಗಿದ್ದರಿಂದ. ನಾಳೆ ನಿಮ್ಮ ಓಣಿಯಲ್ಲಿ ಇಂಥದ್ದೇ ಒಂದು ಬಾಗಿಲು ತಟ್ಟಬೇಕಾಗಿ ಬಂದರೆ, ಓದಿದ ಹುಡುಗ ಹುಡುಗಿ ಎಂದು ನಿಮ್ಮನ್ನೇ ಕರೆಯುತ್ತಾರೆ.

ಸಮಯವಾಯಿತೆಂದು ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಕೊಟ್ಟ ಸಮಯ ಮೀರದಿರುವುದೂ ನಂಬಿಕೆ ಗಳಿಸುವ ಒಂದು ಉಪಾಯ, ಅದರಲ್ಲಿ ನಾನು ಇವತ್ತೂ ನಪಾಸು.

ನಿಮ್ಮ ಪ್ರಬಂಧಗಳೆಲ್ಲ ಇಲ್ಲಿ ಈ ಚೀಲದಲ್ಲಿವೆ. ಅಂಚಿನಲ್ಲಿ ಪೆನ್ಸಿಲ್ ಗುರುತು ಇರುವವರು ಬೇಸರ ಮಾಡಿಕೊಳ್ಳಬೇಡಿ. ಹಂಪಿನಗರದ ಗ್ರಂಥಾಲಯ ದೂರವೇನಿಲ್ಲ, ಹೋಗಿ ಹುಡುಕಿ. ಸಿಕ್ಕರೆ ಹೆಸರು ಬರೆಯಿರಿ, ಸಿಗದಿದ್ದರೆ ಆ ವಾಕ್ಯವನ್ನು ಹೊಡೆದುಹಾಕಿ. ತಿದ್ದಿ ತಂದವರ ಹಾಳೆಗಳನ್ನು ನಾನು ಮತ್ತೊಮ್ಮೆ ಓದಲು ಸಿದ್ಧ.

ಮೊದಲ ಬಹುಮಾನದ ಪ್ರಬಂಧವನ್ನು ವಾರ್ಷಿಕ ಸಂಚಿಕೆಯಲ್ಲಿ ಅಚ್ಚು ಹಾಕುವುದಾಗಿ ಸಂಪಾದಕ ಮಂಡಳಿಯವರು ಹೇಳಿದ್ದಾರೆ. ಸಂತೋಷ. ಅವರಲ್ಲಿ ನನ್ನದೊಂದು ವಿನಂತಿ. ಕಾಗುಣಿತ ತಿದ್ದಿ, ಬೇಕಾದರೆ ಶೀರ್ಷಿಕೆ ಬದಲಾಯಿಸಿ, ಆದರೆ ಪುಟದಲ್ಲಿ ಜಾಗ ಸಾಲದೆಂದು ಆ ಎಂಟು ಮನೆಗಳ ವಾಕ್ಯವನ್ನು ಮಾತ್ರ ತೆಗೆಯಬೇಡಿ.